ನಗುವಿನ ಬಳಿಕದ ಪ್ರಶ್ನೆ

ದಿನಪತ್ರಿಕೆ ಓದುವವರಲ್ಲಿ ಎರಡು ಪಂಗಡಗಳುಂಟು. ಮೊದಲ ಪುಟದ ದಪ್ಪಕ್ಷರದ ತಲೆಬರಹದಿಂದ ಆರಂಭಿಸಿ ಪುಟದಿಂದ ಪುಟಕ್ಕೆ ಕ್ರಮವಾಗಿ ಸಾಗುವ ಗಂಭೀರ ಸ್ವಭಾವದವರದು ಒಂದು ಪಂಗಡ. ಒಳಪುಟದ ಮೂಲೆಯಲ್ಲಿ, ಜಾಹೀರಾತಿನ ಪಕ್ಕದಲ್ಲಿ, ಜಾಗ ಉಳಿಯಿತೆಂದು ಸೇರಿಸಿದ ನಾಲ್ಕು ಸಾಲಿನ ವಿಚಿತ್ರ ಸುದ್ದಿಯನ್ನು ಮೊದಲು ಹುಡುಕುವವರದು ಇನ್ನೊಂದು. ನಾವು ಈ ಎರಡನೆಯ ಪಂಗಡಕ್ಕೆ ಸೇರಿದವರೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಬೆಲೆಯೇರಿಕೆ, ಪಕ್ಷಾಂತರ, ಅಪಘಾತಗಳ ವಾರ್ತೆಗಳು ಹೇಗೂ ನಮಗಾಗಿ ಕಾದಿರುತ್ತವೆ. ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಬೆಳಗಿನ ಚಹಾ ಆರುವ ಮುನ್ನ ಒಮ್ಮೆಯಾದರೂ ನಗದಿದ್ದರೆ ದಿನದ ಆರಂಭವೇ ಸಪ್ಪೆಯೆಂದು ನಮ್ಮ ಭಾವನೆ.

ಈ ಚಟ ನಮಗೆ ಅಂಟಿದ್ದು ಅಜ್ಜನಿಂದ. ನಮ್ಮ ಬಾಲ್ಯದಲ್ಲಿ ಪತ್ರಿಕೆ ಹಳ್ಳಿಗೆ ತಲುಪುತ್ತಿದ್ದುದು ಮಧ್ಯಾಹ್ನದ ಬಸ್ಸಿನಲ್ಲಿ. ಸಂಜೆ ತೇರ್ಸ್ ಮುಗಿದು, ಹಿರಿಯರಿಗೆ ಬೆಸಾಂವ್ ಹೇಳಿ, ಊಟಕ್ಕೆ ಕುಳಿತುಕೊಳ್ಳುವ ನಡುವಿನ ಸಮಯದಲ್ಲಿ ಅಜ್ಜ ಆ ದಿನದ ಅತ್ಯಂತ ವಿಚಿತ್ರವಾದ ಸುದ್ದಿಯೊಂದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಕಳ್ಳನೊಬ್ಬ ಕದಿಯಲು ಹೋದ ಮನೆಯಲ್ಲಿಯೇ ನಿದ್ದೆಹೋದ ಕತೆ, ಮದುವೆಗೆ ಹೊರಟ ವರನ ದಿಬ್ಬಣ ದಾರಿ ತಪ್ಪಿ ಬೇರೆ ಮನೆಯ ಚಪ್ಪರ ಸೇರಿದ ಕತೆ, ಇಂಥವು. ನಾವು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಕ್ಷರ ಬಾರದ ಅಜ್ಜಿ ಮಾತ್ರ ಪ್ರತಿಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಆಮೇಲೆ ಏನಾಯಿತು?”

“ಪೇಪರಿನಲ್ಲಿ ಅಷ್ಟೇ ಇರುವುದು,” ಎಂದು ಅಜ್ಜ ಗದರುತ್ತಿದ್ದರು.

“ಆ ಮನುಷ್ಯನಿಗೆ ಒಂದು ಮನೆ, ಒಂದು ನಾಳೆ ಇರುವುದಿಲ್ಲವೇ? ಅದನ್ನು ಯಾಕೆ ಬರೆಯುವುದಿಲ್ಲ ಇವರು?” ಎಂದು ಅಜ್ಜಿ ಗೊಣಗುತ್ತ ಬಡಿಸಲು ಏಳುತ್ತಿದ್ದರು. ಅಜ್ಜಿಯ ಈ ಪ್ರಶ್ನೆಗೆ ನಾವು ಸುದ್ದಿಗಿಂತಲೂ ಹೆಚ್ಚು ನಗುತ್ತಿದ್ದೆವು. ಅಂದು ನಕ್ಕದ್ದಕ್ಕೆ ಇಂದು ಸ್ವಲ್ಪ ನಾಚಿಕೆಯೆನಿಸುತ್ತದೆ. ಏಕೆಂಬುದನ್ನು ಹೇಳಲೆಂದೇ ಈ ಲೇಖನ.

ಎಲ್ಲ ವಿಚಿತ್ರ ಸುದ್ದಿಗಳಿಗೂ ಅಜ್ಜಿಯ ಪ್ರಶ್ನೆ ಅಗತ್ಯವಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳಿತು. ಕೆಲವು ಬರಿಯ ನಗುವಿಗಾಗಿಯೇ ಇರುವಂಥವು. ಉದಾಹರಣೆಗೆ, ಸ್ಪೇನಿನ ಆವಿಲಾದ ಸಂತ ತೆರೇಸಾ ತೀರಿಕೊಂಡದ್ದು 1582ರ ಅಕ್ಟೋಬರ್ 4ರ ರಾತ್ರಿ. ಮರುದಿನವೇ ಅವರನ್ನು ಸಮಾಧಿ ಮಾಡಲಾಯಿತು. ಆದರೆ ಆ ಮರುದಿನದ ತಾರೀಕು ಅಕ್ಟೋಬರ್ 15! ಹಳೆಯ ಜೂಲಿಯನ್ ಪಂಚಾಂಗದ ವರ್ಷ ಸೂರ್ಯನ ಗತಿಗಿಂತ ಸುಮಾರು ಹನ್ನೊಂದು ನಿಮಿಷ ಉದ್ದವಾಗಿತ್ತು. ನಿಮಿಷಗಳು ಸೇರಿ ಸೇರಿ ಶತಮಾನಗಳಲ್ಲಿ ದಿನಗಳಾಗಿ, ಪಾಸ್ಖ ಹಬ್ಬದ ಲೆಕ್ಕವೇ ತಪ್ಪತೊಡಗಿತು. ಅದನ್ನು ಸರಿಪಡಿಸಲು ಹದಿಮೂರನೆಯ ಗ್ರೆಗರಿ ಪೋಪರು ಆ ವರ್ಷದ ಅಕ್ಟೋಬರ್ ತಿಂಗಳಿನಿಂದ ಹತ್ತು ದಿನಗಳನ್ನೇ ಕಿತ್ತುಹಾಕಿದರು. ಸಂತ ತೆರೇಸಾರ ಹಬ್ಬವನ್ನು ನಾವು ಅಕ್ಟೋಬರ್ 15ರಂದು ಆಚರಿಸುತ್ತೇವೆ. ಈ ಸಂಗತಿಯನ್ನು ನಮ್ಮಿಂದ ಕೇಳಿದ ಮಿತ್ರರೊಬ್ಬರು, ಮನೆ ಕಟ್ಟಲು ಸಾಲ ಮಾಡಿದವರು, ಗಂಭೀರವಾಗಿ ಒಂದೇ ಮಾತು ಕೇಳಿದರು: “ಆ ಹತ್ತು ದಿನಗಳ ಬಡ್ಡಿ ಕಟ್ಟಬೇಕಾಗಿತ್ತೇ?” ಇಲ್ಲಿ ಯಾರ ಕಣ್ಣೀರೂ ಇಲ್ಲ, ಮನಸಾರೆ ನಗಬಹುದು.

ಆದರೆ ಇನ್ನು ಕೆಲವು ಸುದ್ದಿಗಳಿವೆ. ಹೊರಗಿನಿಂದ ನೋಡಿದರೆ ನಗು, ಸಿಪ್ಪೆ ಸುಲಿದರೆ ಬೇರೆಯದೇ ತಿರುಳು. 1932ರಲ್ಲಿ ಆಸ್ಟ್ರೇಲಿಯಾದ ಸೇನೆ ಎಮು ಹಕ್ಕಿಗಳ ಮೇಲೆ ಯುದ್ಧ ಹೂಡಿದ ಕತೆಯನ್ನು ಓದುಗರಲ್ಲಿ ಅನೇಕರು ಕೇಳಿರಬಹುದು. ಆ ದೇಶದ ಪಶ್ಚಿಮ ಭಾಗದ ಗೋಧಿ ಹೊಲಗಳಿಗೆ ಸುಮಾರು 20,000 ಎಮುಗಳು ನುಗ್ಗಿದಾಗ ಮೇಜರೊಬ್ಬರ ಮುಂದಾಳತ್ವದಲ್ಲಿ ಸೈನಿಕರು ಎರಡು ಮೆಷಿನ್ ಗನ್ನುಗಳೊಂದಿಗೆ ಹೊರಟರು. ಹಾರಲಾರದ ಆ ಹಕ್ಕಿಗಳು ಗುಂಡಿನ ಸದ್ದಿಗೆ ದಿಕ್ಕುದಿಕ್ಕಿಗೆ ಚದರಿ ಓಡಿದವು. ಸಾವಿರಾರು ಗುಂಡುಗಳು ವ್ಯರ್ಥವಾದವು. ಡಿಸೆಂಬರ್ ತಿಂಗಳಲ್ಲಿ ಸೇನೆ ಹಿಂದೆ ಸರಿಯಿತು; ಎಮುಗಳು ಗೆದ್ದವು! ಲೋಕ ಇಂದಿಗೂ ಇದನ್ನು ಹೇಳಿ ನಗುತ್ತದೆ.

ಈಗ ಅಜ್ಜಿಯ ಪ್ರಶ್ನೆಯನ್ನು ಕೇಳೋಣ. ಆ ಹೊಲಗಳು ಯಾರವು? ಅವರಲ್ಲಿ ಅನೇಕರು ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರು. ಬದುಕಲೆಂದು ಸರಕಾರ ಕೊಟ್ಟ ನೆಲದಲ್ಲಿ ಗೋಧಿ ಬೆಳೆಯುತ್ತಿದ್ದವರು. 1929ರ ಬಳಿಕ ಲೋಕವನ್ನೆಲ್ಲ ಆವರಿಸಿದ ಆರ್ಥಿಕ ಕುಸಿತದಿಂದ ಗೋಧಿಯ ಬೆಲೆ ನೆಲಕಚ್ಚಿತ್ತು. ಉಳಿದ ಬೆಳೆಯನ್ನು ಎಮುಗಳು ತುಳಿದವು, ಅವು ಮುರಿದ ಬೇಲಿಯ ಸಂದಿನಿಂದ ಮೊಲಗಳೂ ನುಗ್ಗಿದವು. ನಾವು ನಗುವುದು ಮೇಜರರನ್ನು ನೋಡಿ. ಬೇಲಿಯ ಬಳಿ ಕೈಕಟ್ಟಿ ನಿಂತ ಆ ರೈತ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮುಂದಿನ ವರ್ಷಗಳಲ್ಲಿ ರೈತರು ಮತ್ತೆ ಸೇನೆಯನ್ನು ಕೇಳಿದರೂ ಸರಕಾರ ಕಳುಹಿಸಲಿಲ್ಲ. ಒಮ್ಮೆ ನಗೆಗೀಡಾದ ಕಷ್ಟವನ್ನು ಎರಡನೆಯ ಸಲ ಹೇಳಿಕೊಳ್ಳುವುದು ಎಷ್ಟು ಕಠಿಣವೆಂಬುದನ್ನು ಯಾರೂ ಊಹಿಸಬಹುದು.

ನಮ್ಮ ದೇಶದ್ದೇ ಒಂದು ಉದಾಹರಣೆ ಇದಕ್ಕಿಂತಲೂ ತೀಕ್ಷ್ಣವಾಗಿದೆ. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಎಂಬ ರೈತರು 1970ರ ದಶಕದ ನಡುವಿನಲ್ಲಿ ಸಾಲಕ್ಕಾಗಿ ಕಂದಾಯ ಕಚೇರಿಯ ದಾಖಲೆ ಕೇಳಲು ಹೋದಾಗ, ತಾವು ಸತ್ತಿರುವ ಸಂಗತಿ ಅವರಿಗೆ ತಿಳಿಯಿತು! ತುಂಡು ಜಮೀನಿನ ಆಸೆಗೆ ಬಂಧುಗಳೇ ಅವರನ್ನು ಕಾಗದದಲ್ಲಿ ಕೊಂದಿದ್ದರು. ಎದುರಿಗೆ ನಿಂತು ಮಾತನಾಡುವ ಮನುಷ್ಯನಿಗಿಂತ ಕಡತದ ಮಾತು ಹೆಚ್ಚಾಯಿತು. ಅವರು ತಮ್ಮ ಹೆಸರಿನ ಮುಂದೆ ‘ಮೃತಕ್’ ಎಂದು ಸೇರಿಸಿಕೊಂಡರು. ತಮ್ಮದೇ ಶವಸಂಸ್ಕಾರದ ಏರ್ಪಾಡು ಮಾಡಿದರು. ಪತ್ನಿಗೆ ವಿಧವಾ ವೇತನ ಕೊಡಿರೆಂದು ಅರ್ಜಿ ಹಾಕಿದರು. 1989ರಲ್ಲಿ ಅಮೇಠಿಯಲ್ಲಿ ರಾಜೀವ ಗಾಂಧಿಯವರ ಎದುರು ಚುನಾವಣೆಗೂ ನಿಂತರು. ಕಾಗದದಲ್ಲಿ ಸತ್ತ ಇತರರನ್ನೂ ಸೇರಿಸಿ ‘ಮೃತಕ್ ಸಂಘ’ ಕಟ್ಟಿದರು. ಕೊನೆಗೆ 1994ರಲ್ಲಿ ಸರಕಾರಿ ದಾಖಲೆಯಲ್ಲಿ ಅವರಿಗೆ ಮರುಜೀವ ಬಂತು. 2003ರಲ್ಲಿ, ಮೊದಲು ನಗಿಸಿ ಆಮೇಲೆ ಚಿಂತನೆಗೆ ಹಚ್ಚುವ ಕೆಲಸಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿಯೂ ಅವರಿಗೆ ಸಂದಿತು.

ಈ ಕತೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಜನರನ್ನು ನಗಿಸಿದವರು ಸ್ವತಃ ಲಾಲ್ ಬಿಹಾರಿಯವರೇ. ಅತ್ತು ಕೇಳಿದಾಗ ಯಾರೂ ತಿರುಗಿ ನೋಡಲಿಲ್ಲ. ನಗಿಸಿದಾಗ ಪತ್ರಿಕೆಗಳು ಬಂದವು. ಅವರ ಪಾಲಿಗೆ ನಗು ಬಾಗಿಲು ತಟ್ಟುವ ಸದ್ದಾಗಿತ್ತು. ಸದ್ದು ಕೇಳಿ ನಕ್ಕು ಸುಮ್ಮನಾಗುವವರಿದ್ದರು, ಎದ್ದು ಬಾಗಿಲು ತೆರೆದವರೂ ಇದ್ದರು.

ನಾವು ಮೊದಲನೆಯವರ ಸಾಲಿನಲ್ಲಿ ನಿಂತದ್ದನ್ನು ಈಗ ಹೇಳಬೇಕು.

ನಮ್ಮ ವಾಳೆಯಲ್ಲಿ ಎಪ್ಪತ್ತೈದು ದಾಟಿದ ಬಾಯಿಯೊಬ್ಬರಿದ್ದಾರೆ. ಪತಿ ತೀರಿಕೊಂಡು ಬಹಳ ವರ್ಷಗಳಾದವು. ಅವರ ಸರಕಾರಿ ನೌಕರಿಯ ಕುಟುಂಬ ಪಿಂಚಣಿಯೇ ಇವರ ಜೀವನಾಧಾರ. ಒಂದು ಭಾನುವಾರ ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಾವೆಲ್ಲ ಎಂದಿನಂತೆ ಮಾತನಾಡುತ್ತ ನಿಂತಿದ್ದಾಗ ಬಾಯಿ ಬಂದು ಹೇಳಿದರು: “ನಿಮಗೆ ವಿಷಯ ಗೊತ್ತುಂಟೇ? ನಾನು ಸತ್ತು ಮೂರು ತಿಂಗಳಾಯಿತಂತೆ! ಹಣ ಬರಲಿಲ್ಲವೆಂದು ಕೇಳಲು ಹೋದರೆ ಹಾಗೆಂದು ಹೇಳಿದರು. ನನಗೆ ಬೇಸರ ಅದಕ್ಕಲ್ಲ. ನೀವು ಯಾರೂ ನನ್ನ ತಿಂಗಳ ಪೂಜೆಗೂ ಹೇಳಿಸಲಿಲ್ಲವಲ್ಲ!”

ಅಂಗಳವೇ ನಕ್ಕಿತು. ನಾವಂತೂ ಆ ಮಾತನ್ನು ಮನೆಗೆ ತಲುಪುವ ಮೊದಲೇ ನಾಲ್ಕು ಮಂದಿಗೆ ಹೇಳಿದೆವು. ಕುಟುಂಬದ ವಾಟ್ಸಾಪ್ ಬಳಗಕ್ಕೂ ಬರೆದು ಹಾಕಿದೆವು. ಮುಂಬೈಯಿಂದ, ದುಬೈಯಿಂದ, ಮಸ್ಕತ್ತಿನಿಂದ ನಗುವ ಹಳದಿ ಮುಖಗಳ ಸುರಿಮಳೆಯಾಯಿತು. ಅಜ್ಜನಂತೆ ನಾವೂ ಒಂದು ಒಳ್ಳೆಯ ಸುದ್ದಿಯನ್ನು ಚೆನ್ನಾಗಿ ಹೇಳಿದೆವೆಂಬ ತೃಪ್ತಿ ನಮಗೆ.

ಎರಡು ವಾರಗಳ ಬಳಿಕ ರಾತ್ರಿ ಊಟದ ಹೊತ್ತಿನಲ್ಲಿ ನಮ್ಮ ಮನೆಯವರು ಕೇಳಿದರು: “ಆ ಬಾಯಿಯ ಹಣ ಬಂತಂತೆಯೇ?” ಅಜ್ಜಿಯ ಪ್ರಶ್ನೆಯೇ! ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಕ್ಕವರಲ್ಲಿ ಒಬ್ಬರೂ, ನಾವು ಕೂಡ, ಅದನ್ನು ವಿಚಾರಿಸಿರಲಿಲ್ಲ.

ಮರುದಿನ ಅವರ ಮನೆಗೆ ಹೋದೆವು. ಅಂಗಡಿಯ ಸಾಲದ ಪುಸ್ತಕದಲ್ಲಿ ಪುಟಗಳು ತುಂಬಿದ್ದವು. ದಿನಕ್ಕೆ ಎರಡು ಸಲ ನುಂಗಬೇಕಾದ ರಕ್ತದೊತ್ತಡದ ಮಾತ್ರೆಯನ್ನು ಅವರು ಒಂದೇ ಸಲ ನುಂಗುತ್ತಿದ್ದರು. ಪರದೇಶದಲ್ಲಿರುವ ಮಗನ ಕೆಲಸ ಹೋಗಿತ್ತು. ಅವನಿಗೆ ತಿಳಿಸಬಾರದೆಂದು ಹಟ. “ನೀವು ಅಂದು ಅಂಗಳದಲ್ಲಿಯೇ ಹೇಳಬಹುದಿತ್ತಲ್ಲ ಬಾಯಿ?” ಎಂದೆವು. “ಹೇಳಿದ್ದೆನಲ್ಲ,” ಎಂದರು ಅವರು ಮೆಲ್ಲಗೆ. “ನೀವೆಲ್ಲ ನಕ್ಕಿರಿ.”

ಆ ಎರಡು ಶಬ್ದಗಳಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ವಾಳೆಯ ಗುರಿಕಾರರೂ ನಾವೂ ಬಾಯಿಯನ್ನು ಕರೆದುಕೊಂಡು ಆ ಕಚೇರಿಗೆ ಮೂರು ಸಲ ಹೋದೆವು. ಸಮಸ್ಯೆ ಬಹು ದೊಡ್ಡದೇನೂ ಆಗಿರಲಿಲ್ಲ. ನಮ್ಮ ಸಮುದಾಯದಲ್ಲಿ ಒಂದೇ ಸಂತರ ಹೆಸರು, ಒಂದೇ ಅಡ್ಡಹೆಸರು ಇರುವವರು ಊರಿಗೆ ಐದಾರು ಮಂದಿ ಸಿಗುತ್ತಾರಷ್ಟೆ. ಪಕ್ಕದೂರಿನಲ್ಲಿ ಅದೇ ಹೆಸರಿನ ಇನ್ನೊಬ್ಬರು ತೀರಿಕೊಂಡಿದ್ದರು. ಆ ಮರಣ ಇವರ ಲೆಕ್ಕಕ್ಕೆ ಬಿದ್ದಿತ್ತು. ಯಾರ ದುರುದ್ದೇಶವೂ ಇರಲಿಲ್ಲ. ತಪ್ಪನ್ನು ತಿದ್ದಲು ಬೇಕಾಗಿದ್ದುದು ಎರಡು ದಾಖಲೆಗಳು, ಒಂದು ಅರ್ಜಿ, ಮತ್ತು ಜೊತೆಗೆ ನಿಲ್ಲುವ ಒಬ್ಬರು. ದಾಖಲೆಗಳು ಬಾಯಿಯ ಪೆಟ್ಟಿಗೆಯಲ್ಲಿ ಮೊದಲಿನಿಂದಲೂ ಇದ್ದವು. ಇಲ್ಲದಿದ್ದುದು ಕೊನೆಯದು.

ಬಾಕಿಯೆಲ್ಲ ಸೇರಿ ಹಣ ಬಂದ ದಿನ ಬಾಯಿ ಅರಸಿನ ಎಲೆಯ ಪತ್ತೊಳಿ ಮಾಡಿ ತಂದುಕೊಟ್ಟರು. “ಲಾಜರನು ಎದ್ದು ಬರಲು ನಾಲ್ಕು ದಿನ ಹಿಡಿಯಿತು, ನನಗೆ ಐದು ತಿಂಗಳು ಹಿಡಿಯಿತು,” ಎಂದರು. ನಾವು ಮತ್ತೆ ನಕ್ಕೆವು. ಆದರೆ ಈ ಸಲದ ನಗುವಿನಲ್ಲಿ ಅವರೂ ಸೇರಿದ್ದರು.

ಹಾಗಾದರೆ ನಗಬಾರದೇ? ನಮ್ಮ ವಾದ ಅದಲ್ಲ. ಅತ್ತೂರಿನ ಜಾತ್ರೆಗೆ ತಪ್ಪದೆ ಹೋಗುವ ನಮಗೆ ಸಂತ ಲಾರೆನ್ಸರ ಕತೆ ಗೊತ್ತು. 258ರಲ್ಲಿ ರೋಮಿನಲ್ಲಿ ಹುತಾತ್ಮರಾದ ಅವರು, ಕಾದ ಕಬ್ಬಿಣದ ಸರಳುಗಳ ಮೇಲೆ ಮಲಗಿಸಿದಾಗ, ಈ ಮಗ್ಗುಲು ಬೆಂದಿದೆ, ತಿರುಗಿಸಿ ಹಾಕಿರೆಂದು ಹಾಸ್ಯ ಮಾಡಿದರೆಂಬುದು ಹಿಂದಿನಿಂದ ಬಂದ ಕತೆ. ಅದರಿಂದಲೇ ಅವರು ಅಡುಗೆಯವರ ಪಾಲಕ ಸಂತರಾದರು! ಅದಕ್ಕೂ ಮುಂಚೆ, ಧರ್ಮಸಭೆಯ ಸಂಪತ್ತನ್ನು ತಂದೊಪ್ಪಿಸೆಂದು ಅಧಿಕಾರಿ ಕೇಳಿದಾಗ ಅವರು ಊರಿನ ಬಡವರನ್ನು, ಕುಂಟರನ್ನು, ಕುರುಡರನ್ನು ಸಾಲಾಗಿ ತಂದು ನಿಲ್ಲಿಸಿದರಂತೆ. ಅಧಿಕಾರಿಗೆ ಅದು ಕುಚೇಷ್ಟೆಯಾಗಿ ಕಂಡಿತು. ಕಣ್ಣು ತೆರೆದು ನೋಡಿದ್ದರೆ ಉತ್ತರ ಎದುರಿಗೇ ನಿಂತಿತ್ತು. ನೊಂದವರು ತಾವೇ ನಗಿಸಿದಾಗ ನಗುವುದು ತಪ್ಪಲ್ಲ. ಅವರ ಧೈರ್ಯಕ್ಕೆ ಅದು ಗೌರವವೂ ಹೌದು. ನಕ್ಕು ಅಲ್ಲಿಂದ ಹೊರಟುಬಿಡುವುದು ಮಾತ್ರ ತಪ್ಪು.

ಪತ್ರಿಕೆಯ ಮೂಲೆಯ ಸುದ್ದಿ ನಾಲ್ಕು ಸಾಲಿಗೆ ನಿಲ್ಲುತ್ತದೆ. ಅದಕ್ಕೆ ಜಾಗವಿಲ್ಲ, ನಾವು ದೂರುವಂತಿಲ್ಲ. ದೂರದ ಆಸ್ಟ್ರೇಲಿಯಾದ ರೈತನಿಗೆ ಇಂದು ನಾವು ಮಾಡಬಹುದಾದುದೂ ಏನಿಲ್ಲ. ಆದರೆ ನಮ್ಮ ಅಂಗಳದ ಸುದ್ದಿಯ ಐದನೆಯ ಸಾಲನ್ನು ಬರೆಯಬೇಕಾದವರು ನಾವೇ.

ಅದಕ್ಕೊಂದು ಸಮಯವೂ ಗೊತ್ತಾಗಿದೆ. ಕೇಂದ್ರ ಸರಕಾರದ ಪಿಂಚಣಿದಾರರು ತಾವು ಬದುಕಿರುವುದನ್ನು ಪ್ರತಿವರ್ಷ ನವೆಂಬರ್ ತಿಂಗಳಲ್ಲಿ ಪ್ರಮಾಣಪತ್ರ ಕೊಟ್ಟು ಸಾಬೀತುಪಡಿಸಬೇಕು. ಎಂಬತ್ತು ದಾಟಿದವರು ಅಕ್ಟೋಬರಿನಿಂದಲೇ ಕೊಡಬಹುದು. 2014ರಿಂದ ‘ಜೀವನ್ ಪ್ರಮಾಣ್’ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಬೆರಳಚ್ಚಿನ ಮೂಲಕವೂ ಇದು ಸಾಧ್ಯ. ಆದರೆ ಅಕ್ಕಿ ಬೀಸಿ, ಪಾತ್ರೆ ತೊಳೆದು ಸವೆದ ಬೆರಳುಗಳ ಗುರುತನ್ನು ಯಂತ್ರ ಒಪ್ಪದಿರುವುದೂ ಉಂಟು. ನವೆಂಬರ್ ನಮಗೆ ಮೃತರ ಸ್ಮರಣೆಯ ತಿಂಗಳು. 2ನೇ ತಾರೀಕಿನಂದು ಸಿಮಿತ್ರಿಗೆ ಹೋಗಿ ಗೋರಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಬರುತ್ತೇವೆ. ಹಿಂತಿರುಗುವ ದಾರಿಯಲ್ಲಿ, ಬದುಕಿರುವುದನ್ನು ರುಜುವಾತು ಮಾಡಬೇಕಾದ ಹಿರಿಯರೊಬ್ಬರ ಮನೆ ಖಂಡಿತ ಸಿಗುತ್ತದೆ. ಅಲ್ಲಿ ಐದು ನಿಮಿಷ ನಿಂತು, “ಕಾಗದವೆಲ್ಲ ಸರಿಯಾಯಿತೇ ಬಾಯಿ?” ಎಂದು ಕೇಳಿದರೆ ಸಾಕು.

ಅವರು ಒಂದು ತಮಾಷೆ ಹೇಳಿಯಾರು. ನಗೋಣ. ನಕ್ಕಾದ ಮೇಲೆ ನಮ್ಮ ಅಜ್ಜಿಯ ಪ್ರಶ್ನೆಯನ್ನು ಕೇಳೋಣ.