ಎಮ್ಮೆ ಮಾರಿ ಕಾರ್ಬನ್ ಸೈಕಲ್ ತರಬೇಕೇ?

ಹೋದ ತಿಂಗಳು ಬಾಗಲಕೋಟೆ ಕಡೆಯ ಓದುಗರೊಬ್ಬರು ನಮಗೆ ಫೋನ್ ಮಾಡಿದ್ದರು. ಒಂಬತ್ತನೇ ಕ್ಲಾಸಿನ ಮಗಳು ಸೈಕಲ್ ರೇಸಿನಲ್ಲಿ ಜಿಲ್ಲಾ ಮಟ್ಟಕ್ಕೆ ಬಂದಿದ್ದಾಳೆ. ಓಡಿಸುವುದು ಸೋದರಮಾವನ ಹಳೆಯ ಉಕ್ಕಿನ ರೇಸ್ ಸೈಕಲ್. ಕಾರ್ಬನ್ ಸೈಕಲ್ ಇಲ್ಲದಿದ್ದರೆ ಮುಂದಕ್ಕೆ ಹೋಗುವುದಿಲ್ಲ ಅಂತ ಯಾರೋ ತಲೆಗೆ ತುಂಬಿದ್ದಾರೆ. ‘ಎಮ್ಮಿ ಮಾರಿದ್ರ ಒಂದಿಷ್ಟು ರೊಕ್ಕ ಆಗತೈತ್ರಿ, ಉಳಿದದ್ದು ಸಾಲ. ಏನ್ ಮಾಡ್ಲಿ?’ ಅಂದರು.

ವಿಜಯಪುರ, ಬಾಗಲಕೋಟೆ ಕಡೆ ಬೆಳಗಿನ ಜಾವ ಹೆದ್ದಾರಿಯಲ್ಲಿ ಸೈಕಲ್ ತುಳಿಯುವ ಹುಡುಗ ಹುಡುಗಿಯರನ್ನು ನೋಡಿದವರಿಗೆ ಗೊತ್ತು, ಇದು ಒಂದೇ ಮನೆಯ ಪ್ರಶ್ನೆ ಅಲ್ಲ. ಬಾಯಿಗೆ ಬಂದದ್ದು ಹೇಳಬಾರದು ಅಂತ ನಾವೇ ಒಂದು ಭಾನುವಾರ ಎರಡು ಸೈಕಲ್ ಹೊಂದಿಸಿಕೊಂಡೆವು. ಒಂದು, ಅಂಥದೇ ಹಳೆಯ ಉಕ್ಕಿನದು. ಇನ್ನೊಂದು, ಬೆಂಗಳೂರಿನ ಗೆಳೆಯ ಊರಿಗೆ ತಂದಿದ್ದ ಹೊಸ ಕಾರ್ಬನ್‌ದು. ಒಂದೇ ರಸ್ತೆಯಲ್ಲಿ ಬದಲಾಯಿಸಿ ಬದಲಾಯಿಸಿ ತುಳಿದೆವು.

ಫರಕು ಇದೆ, ಸುಳ್ಳು ಹೇಳುವುದಿಲ್ಲ. ಹಳೆಯದರಲ್ಲಿ ಗೇರಿನ ಸಣ್ಣ ಕಡ್ಡಿ ಕೆಳಗಿನ ಕೊಳವೆಗೆ ಅಂಟಿಕೊಂಡಿದೆ. ಹ್ಯಾಂಡಲ್ ಬಿಟ್ಟು ಬಗ್ಗಬೇಕು, ಸರಿಯಾಗಿ ಬಿತ್ತೋ ಇಲ್ಲವೋ ಅಂತ ಚೈನಿನ ಸದ್ದು ಕೇಳಿ ತಿಳಿಯಬೇಕು. ಪಕ್ಕದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋಗುವಾಗ ಒಂದು ಕೈ ಬಿಡುವುದು ಎಂಥದು ಅಂತ ನಿಮಗೇ ಗೊತ್ತು. ಹೊಸದರಲ್ಲಿ ಬ್ರೇಕ್ ಹಿಡಿಕೆಯಲ್ಲೇ ಗೇರು. 1990ರಲ್ಲಿ ಶಿಮಾನೋ ತಂದ ಈ ಏರ್ಪಾಡು ಈಗ ಎಲ್ಲ ಕಡೆ ಇದೆ. ಏರಿನಲ್ಲಂತೂ ಹೋಲಿಕೆಯೇ ಇಲ್ಲ. ಹಳೆಯದರ ಅತಿ ಹಗುರ ಗೇರು ಮುಂದೆ 42 ಹಲ್ಲು, ಹಿಂದೆ 23. ಪೆಡಲ್ ಒಂದು ಸುತ್ತು ತಿರುಗಿದರೆ ಸುಮಾರು 3.8 ಮೀಟರ್ ಹೋಗಬೇಕು, ಎದ್ದು ನಿಂತು ತುಳಿಯದೆ ಬೇರೆ ದಾರಿ ಇಲ್ಲ. ಹೊಸದರಲ್ಲಿ ಮುಂದೆ 34, ಹಿಂದೆ 34, ಸುತ್ತಿಗೆ 2.1 ಮೀಟರ್. ಕೂತೇ ಏರಬಹುದು.

ಬ್ರೇಕ್ ಕೂಡ ಹಾಗೇ. ಮಳೆಯಲ್ಲಿ ಹಳೆಯ ರಬ್ಬರ್ ಮೊದಲು ರಿಮ್ಮಿನ ನೀರು ಒರೆಸುತ್ತದೆ, ಆಮೇಲೆ ನಿಲ್ಲಿಸುತ್ತದೆ. ಡಿಸ್ಕ್ ಅಷ್ಟು ಹೊತ್ತು ಕಾಯುವುದಿಲ್ಲ.

ಆದರೆ ಹೊಸ ಸೈಕಲ್ ಬೆಣ್ಣೆಯ ಹಾಗೆ ಹೋಗುತ್ತದೆ ಅನ್ನುತ್ತಾರಲ್ಲ, ಅದರಲ್ಲಿ ಬಹುಪಾಲು ಕಾರ್ಬನ್ನಿನ ಮಹಿಮೆ ಅಲ್ಲ, ಟೈರಿನದು. ಹಳೆಯದಕ್ಕೆ 23 ಮಿಲಿಮೀಟರ್ ಟೈರು, 120 ಪೌಂಡ್ ಗಾಳಿ. ಕಲ್ಲಿನಂತಾದ ಟೈರೇ ಓಡುತ್ತದೆ ಅನ್ನುವುದು ಬಹಳ ಹಳೆಯ ನಂಬಿಕೆ. ಸಿಮೆಂಟ್ ಟ್ರ್ಯಾಕಿನಲ್ಲಿ ನಿಜವಿರಬಹುದು. ನಮ್ಮ ಜಲ್ಲಿ ಎದ್ದ ಡಾಂಬರಿನಲ್ಲಿ ಸೈಕಲ್ ಮುಂದೆ ಹೋಗುವ ಬದಲು ಮೇಲೆ ಕೆಳಗೆ ಕುಣಿಯುತ್ತದೆ, ತುಳಿದ ಶಕ್ತಿ ಮೈ ನಡುಗಿಸಿಯೇ ಮುಗಿಯುತ್ತದೆ. ಹೊಸದರದು 30 ಮಿಲಿಮೀಟರ್, 60 ಪೌಂಡ್. ಫ್ರಾನ್ಸಿನಲ್ಲಿ 1896ರಿಂದ ನಡೆಯುವ ಪ್ಯಾರಿಸ್–ರೂಬೆ ರೇಸಿನ ಕಲ್ಲುಹಾಸಿನ ರಸ್ತೆಗಳಲ್ಲೂ ಈಗ ಅಗಲ ಟೈರಿನದೇ ಕಾಲ. ನಮ್ಮ ಅಜ್ಜನ ಅಟ್ಲಾಸ್ ಸೈಕಲ್ಲಿನ ದಪ್ಪ ಟೈರಿಗೆ ಇದು ಯಾವತ್ತೋ ಗೊತ್ತಿತ್ತು ಅಂತ ನಮ್ಮಲ್ಲೊಬ್ಬ ನಕ್ಕ. ಉಕ್ಕಿನ ಸೈಕಲ್ಲಿನ ಗಾಳಿ 90ಕ್ಕೆ ಇಳಿಸಿ ಮತ್ತೆ ತುಳಿದೆವು. ಬೇರೆ ಸೈಕಲ್ಲೇ ಅನ್ನಿಸಿತು. ಅದಕ್ಕೆ ತಗುಲಿದ ಖರ್ಚು ಸೊನ್ನೆ.

ತೂಕದ ಲೆಕ್ಕವನ್ನೂ ಹಾಕಿ. ಹಳೆಯದು 10 ಕೆಜಿ, ಹೊಸದು 8. ಹುಡುಗಿ 45 ಕೆಜಿ ಅಂದರೆ ಒಟ್ಟು 55ಕ್ಕೆ 53. ಏರು ರಸ್ತೆಯಲ್ಲಿ ಅಷ್ಟೇ ಲಾಭ, ಸಪಾಟು ರಸ್ತೆಯಲ್ಲಿ ಅದೂ ಇಲ್ಲ. ಅಲ್ಲಿ ಎದುರಾಳಿ ಗಾಳಿ. ಆ ಗಾಳಿ ಹೆಚ್ಚಾಗಿ ಬಡಿಯುವುದು ಸೈಕಲ್ಲಿಗಲ್ಲ, ತುಳಿಯುವವರ ಮೈಗೆ. ಸೀಟಿನ ಎತ್ತರ, ಹ್ಯಾಂಡಲ್ಲಿನ ದೂರ ಸರಿ ಮಾಡಿಸಿ ಬೆನ್ನು ಬಗ್ಗಿಸಿ ಕೂರುವುದನ್ನು ಕಲಿತರೆ ಸಿಗುವ ವೇಗ ದೊಡ್ಡದು.

ಇನ್ನೊಂದು ಮಾತು ಅಂಗಡಿಯವರು ಹೇಳುವುದಿಲ್ಲ. ಎಣ್ಣೆ ಬ್ರೇಕು, ಫ್ರೇಮಿನೊಳಗೆ ಅಡಗಿದ ಕೇಬಲ್ ಕೆಟ್ಟರೆ ಊರಿನ ಸೈಕಲ್ ಶಾಪಿನಲ್ಲಿ ರಿಪೇರಿ ಆಗುವುದು ಕಷ್ಟ. ಬೆಳಗಾವಿಗೋ ಹುಬ್ಬಳ್ಳಿಗೋ ಹೊತ್ತುಕೊಂಡು ಹೋಗಬೇಕು. ಆ ವಾರ ಪ್ರಾಕ್ಟೀಸ್ ಇಲ್ಲ.

ಹಾಗಾದರೆ ಕಾರ್ಬನ್ ಬೇಡವೇ ಬೇಡವಾ? ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಸೆಕೆಂಡುಗಳ ಮೇಲೆ ಪದಕ ನಿಂತಾಗ ಬೇಕು. ಆಗ ಒಳ್ಳೆಯ ಸೈಕಲ್ ಇಲ್ಲದಿದ್ದರೆ ಆ ಹುಡುಗಿ ಸೋಲುತ್ತಾಳೆ, ಅವಳ ಕಾಲಿನಲ್ಲಿ ಬಲ ಕಡಿಮೆ ಅಂತಲ್ಲ. ಅದಕ್ಕೇ ನಮ್ಮ ವಾದ: ಆ ಸೈಕಲ್ ಸರ್ಕಾರ ಕೊಡಬೇಕು, ಎಮ್ಮೆ ಅಲ್ಲ. ಆಯ್ಕೆಯಾದ ಮಕ್ಕಳಿಗೆ ಋತುವಿನ ಮಟ್ಟಿಗೆ ರೇಸ್ ಸೈಕಲ್ ಎರವಲು ಕೊಡಿ, ವಾಪಸ್ ತಗೊಳ್ಳಿ. ತಾಲ್ಲೂಕು ಪಂಚಾಯಿತಿಯಿಂದ ಶಾಸಕರವರೆಗೆ ಕೇಳಬೇಕಾದ ಪ್ರಶ್ನೆ ಇದು.

ಅಪ್ಪನಿಗೆ ಫೋನ್ ಮಾಡಿ ಹೇಳಿದೆವು: ಎಮ್ಮೆ ಇರಲಿ. ಹೊಸ ಬ್ರೇಕ್ ರಬ್ಬರ್, ಹೊಸ ಕೇಬಲ್, ಫ್ರೇಮಿನಲ್ಲಿ ಜಾಗ ಇದ್ದರೆ ಒಂದಿಷ್ಟು ಅಗಲದ ಟೈರು ಹಾಕಿಸಿ. ಗಾಳಿ ಕಡಿಮೆ ಮಾಡಿ, ತೀರಾ ಮೆತ್ತಗಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, ‘ಎಷ್ಟು ಪೌಂಡ್ ಅಂದ್ರಿ? ತಡೀರಿ, ಮಗಳ ಕೈಯಾಗ ಫೋನ್ ಕೊಡ್ತೀನಿ, ಆಕಿ ಬರಕೋತಾಳ.’