ಫೈಲ್ ಸರ್ವರ್ ಸಿಗದಾಗ ಬಾಗಿಲು ತೆರೆದಿಡುವುದು ಪರಿಹಾರವಲ್ಲ

ಸಣ್ಣ ಮತ್ತು ಮಧ್ಯಮ ಉದ್ಯಮಗಳಲ್ಲಿ ಲೆಕ್ಕಪತ್ರ, ಬಿಲ್ಲು, ದಾಸ್ತಾನು ವಿವರಗಳೆಲ್ಲವೂ ಇಂದು ಕಚೇರಿಯ ಒಂದು ಫೈಲ್ ಸರ್ವರ್‌ನಲ್ಲಿ ನೆಲೆಸಿವೆ. ಆ ಸರ್ವರ್ ಸಿಬ್ಬಂದಿಗೆ ಸಿಗದೇ ಹೋದರೆ ವ್ಯವಹಾರವೇ ಸ್ತಬ್ಧವಾಗುತ್ತದೆ. ಪ್ರತಿ ತಿಂಗಳೂ ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ 20ನೇ ತಾರೀಖಿನಂದು ಇಂತಹ ತೊಂದರೆ ಎದುರಾದರೆ ಬಡ್ಡಿ ಮತ್ತು ವಿಳಂಬ ಶುಲ್ಕದ ಭಯವೂ ಸೇರಿಕೊಳ್ಳುತ್ತದೆ.

ಇಂತಹ ಆತುರದಲ್ಲಿ ಅನೇಕ ಕಚೇರಿಗಳು ಹಿಡಿಯುವ ದಾರಿ ಒಂದೇ: ಫೈರ್‌ವಾಲ್ ನಿಲ್ಲಿಸುವುದು, ಫೋಲ್ಡರನ್ನು ಎಲ್ಲರಿಗೂ ಪೂರ್ಣ ಅಧಿಕಾರದೊಡನೆ ತೆರೆದಿಡುವುದು, ಹಳೆಯ ಎಸ್‌ಎಂಬಿ-1 ವಿಧಾನವನ್ನು ಮತ್ತೆ ಚಾಲನೆಗೊಳಿಸುವುದು. ಕೆಲಸವೇನೋ ಅಂದಿಗೆ ಸಾಗುತ್ತದೆ; ಆದರೆ ತೆರೆದ ಬಾಗಿಲನ್ನು ಮತ್ತೆ ಮುಚ್ಚುವವರು ವಿರಳ. ಇದರ ಬೆಲೆ ಎಷ್ಟೆಂಬುದನ್ನು 2017ರ ಮೇ ತಿಂಗಳಿನ ವನ್ನಾಕ್ರೈ ದಾಳಿ ಜಗತ್ತಿಗೆ ತೋರಿಸಿದೆ. ಎಸ್‌ಎಂಬಿ-1ರ ದೋಷವನ್ನೇ ಬಳಸಿಕೊಂಡು ಅದು ಸುಮಾರು 150 ದೇಶಗಳಿಗೆ ಹರಡಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ, ತಿದ್ದುಪಡಿ ನೀಡಿತ್ತು ಎಂಬುದು ಗಮನಾರ್ಹ.

ವಾಸ್ತವವಾಗಿ ಈ ತೊಂದರೆಯ ಮೂಲವನ್ನು ಕ್ರಮಬದ್ಧವಾಗಿ ಹುಡುಕುವುದು ಕಷ್ಟವಲ್ಲ. ಸರ್ವರ್ ಒಬ್ಬರಿಗೆ ಮಾತ್ರ ಸಿಗುತ್ತಿಲ್ಲವೆ, ಎಲ್ಲರಿಗೂ ಸಿಗುತ್ತಿಲ್ಲವೆ ಎಂಬುದು ಮೊದಲ ಪ್ರಶ್ನೆ. ಒಬ್ಬರಿಗೆ ಮಾತ್ರವಾದರೆ ದೋಷ ಬಹುಪಾಲು ಆ ಗಣಕಯಂತ್ರದ ಕಡೆಯದು. ಅದರ ಐಪಿ ವಿಳಾಸ 169.254 ಎಂದು ಆರಂಭವಾಗಿದ್ದರೆ ಅದಕ್ಕೆ ಜಾಲದಿಂದ ವಿಳಾಸವೇ ದೊರೆತಿಲ್ಲವೆಂದು ತಿಳಿಯಬೇಕು. ಆಗ ಕೇಬಲ್, ಸ್ವಿಚ್, ರೂಟರ್‌ಗಳನ್ನು ನೋಡಬೇಕು. ಸರ್ವರ್ ತನ್ನ ಐಪಿ ಸಂಖ್ಯೆಯಿಂದ ತೆರೆದು ಹೆಸರಿನಿಂದ ತೆರೆಯದಿದ್ದರೆ ದೋಷ ಹೆಸರನ್ನು ಗುರುತಿಸುವ ವ್ಯವಸ್ಥೆಯದು. ಪ್ರವೇಶ ನಿರಾಕರಿಸಲಾಗಿದೆ ಎಂಬ ಸಂದೇಶ ಬಂದರೆ ಜಾಲ ಸರಿಯಾಗಿಯೇ ಇದೆ. ಪರಿಶೀಲಿಸಬೇಕಾದದ್ದು ಬಳಕೆದಾರರ ಅನುಮತಿ ಮತ್ತು ಗುಪ್ತಪದಗಳನ್ನು. ಸರ್ವರ್‌ನಲ್ಲಿ ಜಾಲದ ಬಗೆ ಖಾಸಗಿಯಿಂದ ಸಾರ್ವಜನಿಕಕ್ಕೆ ಬದಲಾಗಿದ್ದರೂ ಫೈರ್‌ವಾಲ್ ಕಡತಗಳ ಹಂಚಿಕೆಯನ್ನು ತಡೆಯುತ್ತದೆ. ಆಗ ಆ ಆಯ್ಕೆಯನ್ನು ಸರಿಪಡಿಸಿದರೆ ಸಾಕು, ಫೈರ್‌ವಾಲನ್ನೇ ನಿಲ್ಲಿಸಬೇಕಾಗಿಲ್ಲ.

ಹೊಸ ಗಣಕಯಂತ್ರ ಕೊಂಡ ಮೇಲೆ ಹಳೆಯ ಸಂಗ್ರಹ ಸಾಧನ ಸಿಗದಾಯಿತು ಎಂಬ ದೂರು ಈಗ ಸಾಮಾನ್ಯ. ವಿಂಡೋಸ್ 10ರ 2017ರ ಅಕ್ಟೋಬರ್ ಆವೃತ್ತಿಯಿಂದಲೇ ಎಸ್‌ಎಂಬಿ-1 ತಾನಾಗಿ ಅಳವಡಿಕೆಯಾಗುವುದು ನಿಂತಿತು. 2024ರ ವಿಂಡೋಸ್ 11 ಆವೃತ್ತಿಯಾದ 24ಎಚ್2 ಅಂತೂ ಗುಪ್ತಪದವಿಲ್ಲದ ಅತಿಥಿ ಪ್ರವೇಶವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇದು ಯಂತ್ರದ ದೋಷವಲ್ಲ, ಎಚ್ಚರಿಕೆ. ಹಳೆಯ ಸಾಧನದ ತಂತ್ರಾಂಶವನ್ನು ನವೀಕರಿಸಿ, ಪ್ರತಿಯೊಬ್ಬ ನೌಕರನಿಗೂ ಪ್ರತ್ಯೇಕ ಹೆಸರು ಮತ್ತು ಗುಪ್ತಪದ ನೀಡುವುದು ಸರಿಯಾದ ಮಾರ್ಗ. ಸಾಧನ ಅದಕ್ಕೂ ಒಗ್ಗದಿದ್ದರೆ ಅದನ್ನು ಬದಲಿಸುವುದೇ ಲೇಸು.

ಬಾಗಿಲಲ್ಲಿ ಗ್ರಾಹಕ ಕಾದಿರುವಾಗ ಇಷ್ಟೆಲ್ಲ ಪರೀಕ್ಷೆಗೆ ಪುರುಸೊತ್ತೆಲ್ಲಿ ಎಂಬ ಉದ್ಯಮಿಗಳ ಆಕ್ಷೇಪ ಸಹಜವಾದದ್ದೇ. ಆದುದರಿಂದಲೇ ಸಿದ್ಧತೆ ಮೊದಲೇ ಆಗಿರಬೇಕು. ಸರ್ವರ್‌ನ ಹೆಸರು, ಐಪಿ ಸಂಖ್ಯೆ, ಯಾವ ಫೋಲ್ಡರಿಗೆ ಯಾರಿಗೆ ಅನುಮತಿ, ಕೊನೆಯದಾಗಿ ಏನು ಬದಲಾಯಿತು ಎಂಬ ವಿವರಗಳು ಒಂದು ಹಾಳೆಯಲ್ಲಿ ಮಾಲೀಕರ ಬಳಿ ಇರಲಿ. ಇಂದು ಅನೇಕ ಕಚೇರಿಗಳಲ್ಲಿ ಇವು ಹೊರಗಿನಿಂದ ಬರುವ ತಂತ್ರಜ್ಞನೊಬ್ಬನಿಗೆ ಮಾತ್ರ ಗೊತ್ತು. ಅವನು ದೂರವಾಣಿಗೆ ಸಿಗದ ದಿನ ಸರ್ವರೂ ಸಿಗದು. ಇದರೊಂದಿಗೆ ಪ್ರತಿದಿನದ ಬ್ಯಾಕಪ್‌ನ ಒಂದು ಪ್ರತಿ ಜಾಲದಿಂದ ಬೇರ್ಪಟ್ಟಿರಲಿ.

ಗಲ್ಲಾಪೆಟ್ಟಿಗೆಯ ಬೀಗ ಕೈಕೊಟ್ಟಿತೆಂದು ಯಾವ ವ್ಯಾಪಾರಿಯೂ ಅದನ್ನು ಬೀಗವಿಲ್ಲದೆ ಬೀದಿಗಿಡುವುದಿಲ್ಲ. ಲೆಕ್ಕಪತ್ರಗಳ ವಿಷಯದಲ್ಲಿಯೂ ಅದೇ ವಿವೇಕ ಇರುವುದು ಅತ್ಯವಶ್ಯ.