ಅಂಜುದೀವ ಬಿಟ್ಟುಬಂದ ದೇವಿ

ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದನೆಂದು ನಿಮಗೆಲ್ಲ ಬಾಯಿಪಾಠ ಮಾಡಿಸಿದವನು ನಾನೇ. ಅದೇ ವರ್ಷ ಮರಳುವಾಗ ಅವನು ಕಾರವಾರದೆದುರಿನ ಅಂಜುದೀವದಲ್ಲಿ ಹಡಗಿನ ದುರಸ್ತಿಗಾಗಿ ತಂಗಿದ್ದನೆಂಬುದನ್ನು ಮಾತ್ರ ಹೇಳಲಿಲ್ಲ, ಪಠ್ಯದಲ್ಲಿರಲಿಲ್ಲ.

ಆ ದ್ವೀಪದ ಆರ್ಯಾದುರ್ಗೆಯು ಪೋರ್ಚುಗೀಸರ ಕಾಲದಲ್ಲಿ ಅಂಕೋಲೆಗೆ ಬಂದು ನೆಲೆಸಿದಳೆಂದು ಐತಿಹ್ಯ. ಇದನ್ನು ಕಟ್ಟುಕಥೆಯೆಂದು ತಳ್ಳುವ ವಿದ್ಯಾವಂತರನ್ನು ನಾನು ಒಪ್ಪಲಾರೆ. ದೇವಿ ತಾನಾಗಿ ಊರು ಬಿಡುವುದುಂಟೇ? ಹೊತ್ತು ತಂದ ಭಕ್ತರಿದ್ದಿರಬೇಕು. ದಾಖಲೆ ಬರೆದವರು ಕೋಟೆ ಕಟ್ಟಿದವರು. ಬಿಟ್ಟುಬಂದವರಿಗೆ ಉಳಿದದ್ದು ಈ ಕಥೆಯೊಂದೇ.

ಬಂದವರಿಗೂ ದ್ವೀಪ ಒಲಿಯಲಿಲ್ಲವೆನ್ನಿ. ಮುಂಬಯಿಯನ್ನು ವಹಿಸಿಕೊಳ್ಳಲು 1662ರಲ್ಲಿ ಬಂದ ಇಂಗ್ಲಿಷ್ ಸೈನಿಕರು, ಪೋರ್ಚುಗೀಸ್ ಅಧಿಕಾರಿಗಳು ಅದನ್ನು ಬಿಟ್ಟುಕೊಡದ ಕಾರಣ ಇಲ್ಲಿ ಕಾದು ಕುಳಿತರು. ಸುಮಾರು 400 ಮಂದಿಯಲ್ಲಿ ಬಹುಪಾಲು ಜನ, ದಂಡನಾಯಕ ಅಬ್ರಹಾಂ ಶಿಪ್‌ಮನ್ ಸಹಿತ, ಅಲ್ಲಿಯೇ ಮಡಿದರು. 1961ರ ಡಿಸೆಂಬರಿನಲ್ಲಿ ದ್ವೀಪವನ್ನು ಬಿಡಿಸಲು ನಮ್ಮ ನೌಕಾಪಡೆಯ 7 ಮಂದಿ ಪ್ರಾಣವಿತ್ತರು.

ಈಗ ಅದು ನೌಕಾನೆಲೆಯ ಭಾಗ. ರಕ್ಷಣೆಯ ಅಗತ್ಯವನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಪಕ್ಕದ ಕೂರ್ಮಗಡದ ನರಸಿಂಹ ಜಾತ್ರೆಗೆ ವರ್ಷಕ್ಕೊಮ್ಮೆ ದೋಣಿಗಳು ಸಾಗುವಂತೆ, ದೇವಿಯ ಮೂಲಸ್ಥಾನಕ್ಕೂ ಅಲ್ಲಿಯ ಹಳೆಯ ಇಗರ್ಜಿಗೂ ಒಂದು ದಿನ, ಹೆಸರು ಬರೆಸಿಕೊಂಡಾದರೂ ಸರಿಯೆ, ಜನರನ್ನು ಬಿಡಬಾರದೇಕೆ?